ಪಂಜರದ ಕಡ್ಡಿ

"ಗುರುಗಳೇ, ಹೊಸದಾಗಿ ಬಂದ ವಿದ್ಯಾರ್ಥಿಗೆ ಎರಡೂ ಕಾಲು ಸೊಟ್ಟ. ಪದ್ಮಾಸನ ಹಾಕಲು ಆಗುವುದಿಲ್ಲ. ಎಲ್ಲರೂ ಪಾಠಕ್ಕೆ ಸಾಲಾಗಿ ಕೂತಾಗ ಅವನೊಬ್ಬನೇ ಕಾಲು ಚಾಚಿಕೊಂಡಿರುತ್ತಾನೆ. ನಿಮ್ಮೆದುರು ಹಾಗೆ ಕೂರುವುದು ಸರಿಯೇ? ಅವನನ್ನು ಊರಿಗೆ ಕಳುಹಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

ಕೇಳುವಾಗಲೂ ಅವನ ಬೆನ್ನು ನೆಟ್ಟಗಿತ್ತು. ಗುರುಗಳು ಅದನ್ನು ನೋಡಿ ನಕ್ಕು, ಈ ಕತೆ ಹೇಳಿದರು.

ಬಿದಿರು ಬುಟ್ಟಿ ಹೆಣೆಯುವ ಒಬ್ಬ ಹೆಂಗಸು ಮನೆಯಲ್ಲಿ ರಾಟವಾಳ ಹಕ್ಕಿಗಳನ್ನು ಸಾಕಿದ್ದಳು. ಗುಬ್ಬಿಗಿಂತ ಚಿಕ್ಕವು. ಪಂಜರವನ್ನು ಅವಳೇ ಹೆಣೆದು, ಒಳಗೆ ಅಡ್ಡಲಾಗಿ ಒಂದು ಬಿದಿರುಕಡ್ಡಿ ಕಟ್ಟಿದ್ದಳು. ಸಂಜೆಯಾದರೆ ಹಕ್ಕಿಗಳೆಲ್ಲ ಆ ಕಡ್ಡಿಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕೂರುತ್ತಿದ್ದವು. ಆ ಸಾಲು ನೋಡಲು ದಾರಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು.

ಒಂದು ಸಲ ಸೊಟ್ಟ ಕಾಲಿನ ಎರಡು ಮರಿಗಳು ಹುಟ್ಟಿದವು. ಬೆರಳುಗಳು ಮುಷ್ಟಿಯಂತೆ ಮಡಚಿಕೊಂಡಿದ್ದವು. ಗೂಡಿನಲ್ಲಿದ್ದಷ್ಟು ದಿನ ತೊಂದರೆಯಾಗಲಿಲ್ಲ. ಬಾಯಿ ತೆರೆದು ಊಟ ಕೇಳುವುದರಲ್ಲಿ ಅವು ಯಾರಿಗೂ ಕಡಿಮೆಯಿರಲಿಲ್ಲ. ಗೂಡು ಬಿಟ್ಟ ಮೇಲೆ ಮಾತ್ರ ಕಡ್ಡಿ ಹಿಡಿಯಲಾಗದೆ ಕೆಳಗೆ ಬಿದ್ದವು. ಮೇಲೆ ಸಾಲು ಬೆಚ್ಚಗಿತ್ತು, ಕೆಳಗೆ ಚಳಿ. ಬೆಳಗಾಗುವಷ್ಟರಲ್ಲಿ ಒಂದು ಮರಿ ಸತ್ತಿತ್ತು.

ಹೆಂಗಸಿಗೆ ಅಳು ಬಂತು. ಇನ್ನೊಂದನ್ನಾದರೂ ಉಳಿಸಲೇಬೇಕೆಂದು ಅದರ ಕಾಲನ್ನು ನೂಲಿನಿಂದ ಕಡ್ಡಿಗೆ ಕಟ್ಟಿದಳು. ಮರಿ ಜಾರಿ ತಲೆಕೆಳಗಾಗಿ ನೇತಾಡಿತು. ನೂಲು ಬಿಚ್ಚುವಾಗ ಅವಳಿಗೆ ಕೆಟ್ಟ ಕೋಪ ಬಂತು. ಕೋಪ ಬಂದದ್ದು ಕಡ್ಡಿಯ ಮೇಲೆ. ಅದನ್ನು ಕಿತ್ತು ಒಲೆಗೆ ಹಾಕಿದಳು. ಪಂಜರದೊಳಗೆ ತಗ್ಗಾಗಿ ಒಂದು ಅಗಲವಾದ ಹಲಗೆ ಇಟ್ಟು ಗೋಣಿತಟ್ಟು ಹೊದಿಸಿ, ಮರಿಯನ್ನು ಅದರ ಮೇಲೆ ಕೂರಿಸಿದಳು.

ಬುಟ್ಟಿ ಕೊಳ್ಳಲು ಬಂದ ವ್ಯಾಪಾರಿ ಇದನ್ನು ನೋಡಿ ಸಿಡುಕಿದ. "ಹಕ್ಕಿ ಅಂದ್ಮೇಲೆ ಕಡ್ಡಿ ಮೇಲೆ ಕೂರಬೇಕಮ್ಮ. ಒಂದು ಕುಂಟು ಮರಿಗೋಸ್ಕರ ಇಡೀ ಪಂಜರದ ಅಂದ ಕೆಡಿಸಿದೆಯಲ್ಲ! ಅದನ್ನ ಆಚೆ ಬಿಸಾಕು."

"ಕಡ್ಡಿ ದೇವರು ಕಟ್ಟಿದ್ದಲ್ಲ ಸಾಹುಕಾರ್ರೇ, ನಾನು ಕಟ್ಟಿದ್ದು. ಕಟ್ಟಿದೋಳೇ ಕಿತ್ತಿದ್ದೀನಿ. ಆಚೆ ಹೋಗೋದಾದ್ರೆ ನೀವು ಹೋಗಿ, ಮರಿ ಹೋಗಲ್ಲ" ಎಂದಳು.

ವ್ಯಾಪಾರಿ ಹೋಗಲಿಲ್ಲ. ಹಕ್ಕಿಗಳು ಹಲಗೆಗೆ ಇಳಿಯುವುದಿಲ್ಲ, ಅವಳು ಸೋಲುವುದನ್ನು ನೋಡಿಯೇ ಹೋಗುತ್ತೇನೆಂದು ಜಗಲಿಯ ಮೇಲೆ ಕೂತ. ಸಂಜೆಯಾಯಿತು. ಹಕ್ಕಿಗಳು ಒಂದೊಂದಾಗಿ ಹಲಗೆಗೆ ಇಳಿದವು. ಮರಿಯ ಎರಡೂ ಕಡೆ ಅಂಟಿಕೊಂಡು ಕೂತವು. ಗರಿ ಉಬ್ಬಿಸಿ ಕೂತ ಹಕ್ಕಿಯ ಕಾಲು ಕಾಣುವುದಿಲ್ಲ. ವ್ಯಾಪಾರಿ ಪಂಜರಕ್ಕೆ ಮೂಗು ತಾಗಿಸಿ ಹುಡುಕಿದ. ಸೊಟ್ಟ ಕಾಲಿನದು ಯಾವುದೆಂದು ಕೊನೆಗೂ ಅವನಿಗೆ ತಿಳಿಯಲಿಲ್ಲ.

ಕತೆ ಮುಗಿದರೂ ಶಿಷ್ಯ ಪಟ್ಟು ಬಿಡಲಿಲ್ಲ. "ಆದರೆ ಗುರುಗಳೇ, ಪದ್ಮಾಸನ ಹಿರಿಯರು ಹಾಕಿಕೊಟ್ಟ ಪದ್ಧತಿಯಲ್ಲವೇ?" ಎಂದ.

ಗುರುಗಳು ಮಡಚಿದ್ದ ಕಾಲುಗಳನ್ನು ಬಿಡಿಸಿ ಅವನೆದುರಿಗೇ ಚಾಚಿದರು.

"ನಾಳೆ ಪಾಠಕ್ಕೆ ನಾನು ಹೀಗೆಯೇ ಕೂರುತ್ತೇನೆ; ಊರಿಗೆ ಕಳುಹಿಸುವುದಾದರೆ ಮೊದಲು ನನ್ನನ್ನು ಕಳುಹಿಸು."