ಹನ್ನೊಂದನೆಯ ಮೆಟ್ಟಿಲು

ಆ ಗುರುವಾರವೂ ಗಂಗವ್ವ ಎಂದಿನಂತೆ ಕೊಡ ಹಿಡಿದು ಹೊಳೆಗೆ ಇಳಿದಳು. ಹನ್ನೊಂದನೆಯ ಮೆಟ್ಟಿಲ ಅಂಚು ಕಾಲಡಿಯಲ್ಲೇ ಮುರಿದು, ಅವಳು ಕೆಳಗಿನ ಕಲ್ಲುಗಳ ಮೇಲೆ ಬಿದ್ದಳು. ಮಠಕ್ಕೆ ಹೊತ್ತು ತರುವಷ್ಟರಲ್ಲಿ ಜೀವ ಹೋಗಿತ್ತು.

ಗಂಗವ್ವ ಗುರು ರಾಚಯ್ಯನವರ ಅಕ್ಕ. ಆ ಅಂಚಿಗೆ ನಾಲ್ಕು ದಿನದ ಹಿಂದೆ ತೇಪೆ ಹಾಕಿದವನು ಶಿಷ್ಯ ಸಂಗನಬಸವ.

ತೇಪೆಯ ಗಾರೆಯನ್ನು ಗುರುಗಳೇ ಕಲಿಸಿದ್ದರು. ಸುಟ್ಟ ಬಿಳಿಗಲ್ಲಿನ ಹಿಟ್ಟು, ರಂಜಕದ ಉಪ್ಪು, ನೀರು. ಕಲಸಿದೊಡನೆ ಬಿಸಿಯೇರಿ, ಒಂದು ಊಟ ಮುಗಿಯುವಷ್ಟರಲ್ಲಿ ಕಲ್ಲಾಗುತ್ತದೆ. ಅದರ ಆತುರ ತಗ್ಗಿಸಲು ಸ್ವಲ್ಪ ಬಿಳಿಗಾರ. ಕೊನೆಗೆ, ಸೂಜಿ ಸೂಜಿಯಾಗಿ ಒಡೆಯುವ ಒಂದು ಕಲ್ಲಿನ ಪುಡಿ, ಎರಡು ಹಿಡಿ.

ಆ ಪುಡಿ ಹಾಕಿದರೆ ಗಾರೆಯ ಮೈ ಒರಟಾಗುತ್ತದೆ. ಸಂಗನಬಸವ ಹಾಕಲಿಲ್ಲ.

"ಕನ್ನಡಿ ಮಾಡಿಟ್ಟಿಯಲ್ಲೋ ತಮ್ಮಾ," ಎಂದು ಗಂಗವ್ವ ನಕ್ಕಿದ್ದಳು. "ಇನ್ನ ಮ್ಯಾಲೆ ಅಲ್ಲೇ ಕುಂತು ತಲಿ ಬಾಚಿಕೋತೀನಿ."

ಒಂಬತ್ತು ದಿನ ಗುರುಗಳು ಏನನ್ನೂ ಕೇಳಲಿಲ್ಲ. ಹತ್ತನೆಯ ದಿನ ಅವನೇ ಹೋಗಿ ಎದುರು ನಿಂತ.

"ಅಜ್ಜಾರ, ನಾ ಪುಡಿ ಹಾಕಲಿಲ್ರಿ."

"ಗೊತ್ತೈತಿ."

"ಹೆಂಗ್ರಿ?"

"ಮುರಿದ ತುಂಡು ನೋಡೀನಿ. ಯಾಕ ಹಾಕಲಿಲ್ಲ?"

"ಚಂದ ಕಾಣಲಿ ಅಂತ."

ಗುರುಗಳು ಎದ್ದು ಹೋಗಿ ಎರಡು ಗಾರೆಯ ಹಲಗೆಗಳನ್ನು ತಂದರು. ಒಂದು ನುಣುಪು, ಇನ್ನೊಂದು ಒರಟು. ಅವನ ಕೈಗೆ ಸುತ್ತಿಗೆ ಕೊಟ್ಟರು.

"ಹೊಡಿ."

ನುಣುಪಾದದ್ದು ಒಂದೇ ಏಟಿಗೆ ಎರಡಾಗಿ ನೆಲಕ್ಕೆ ಬಿತ್ತು. ಒರಟಾದದ್ದರ ಮೇಲೆ ಅಡ್ಡಲಾಗಿ ಒಂದು ಗೆರೆ ಮೂಡಿತು.

"ಇದೂ ಬಿರಕ ಬಿಟ್ತಲ್ರಿ."

"ಎತ್ತು."

ಅವನು ಒಂದು ತುದಿ ಹಿಡಿದು ಎತ್ತಿದ. ಇನ್ನೊಂದು ತುದಿಯೂ ಜೊತೆಗೇ ಮೇಲೆದ್ದಿತು.

"ಗೆರಿ ಕಂಡಿದ್ದರ ಅಕ್ಕ ಕಾಲು ಹಿಂದ ತಗೀತಿದ್ದಳು," ಎಂದರು ಗುರುಗಳು.

ಸಂಗನಬಸವ ಹಲಗೆಯನ್ನು ಕೆಳಗಿಟ್ಟ.

"ನನ್ನ ಕಳಿಸಿಬಿಡ್ರಿ ಅಜ್ಜಾರ. ಈ ಕೈಲೆ ಇನ್ನ ಗಾರಿ ಮುಟ್ಟೂದಿಲ್ಲ."

"ನಾಳೆನೂ ಮಂದಿ ನೀರಿಗೆ ಬರ್ತಾರ. ಮೆಟ್ಟಿಲ ಹಂಗ ಬಿದ್ದೈತಿ."

ಅವನು ಒಳಗೆ ಹೋಗಿ ಹಿಟ್ಟು ಅಳೆದ, ಉಪ್ಪು ಅಳೆದ, ಬಿಳಿಗಾರ ತೂಗಿದ. ಕಲ್ಲಿನ ಪುಡಿಯ ಡಬ್ಬಿಯನ್ನು ಕೆಳಗಿಳಿಸಿ, ಗೋಡೆಯ ಮೊಳೆಗೆ ತೂಗುಹಾಕಿದ್ದ ಜರಡಿಗೆ ಕೈ ಚಾಚಿದ.

"ಜರಡಿ ಬ್ಯಾಡ," ಎಂದರು ಬಾಗಿಲಿಗೆ ಬಂದು ನಿಂತ ಗುರುಗಳು. "ಆ ಡಬ್ಬಿಯೊಳಗಿಂದು ಅಕ್ಕ ಜರಡಿ ಹಿಡಿದು ಇಟ್ಟಾಳ."