ಮೂವತ್ತು ಪರ್ಸೆಂಟ್ ಇಂಟರೆಸ್ಟ್

ಊದುಬತ್ತಿ ಕಂಪನಿ ಯಜಮಾನರು ಪೇಪರ್ ಹಿಡ್ಕೊಂಡು ಗುಮಾಸ್ತನ್ನ ಕರೆದರು. "ನಮ್ಮ ಷೇರಲ್ಲಿ ಶಾರ್ಟ್ ಇಂಟರೆಸ್ಟ್ ಮೂವತ್ತು ಪರ್ಸೆಂಟಂತೆ ಕಣಯ್ಯ. ಜನಕ್ಕೆ ಎಷ್ಟು ಆಸಕ್ತಿ ನೋಡು. ನಾಳೆ ಷೇರುದಾರರ ಸಭೆಗೆ ಇದನ್ನೇ ಬ್ಯಾನರ್ ಬರೆಸು."

ಗುಮಾಸ್ತ ನಿಟ್ಟುಸಿರು ಬಿಟ್ಟ. ಬರೆಸಿದರೆ ಸಭೆ ನಗುತ್ತೆ, ನಾಳೆ ಕೆಲಸ ಹೋಗುತ್ತೆ. ತಪ್ಪು ಅಂದರೆ ಇವತ್ತೇ ಹೋಗುತ್ತೆ.

ಮೇಜಿನ ಮೇಲೆ ಯಜಮಾನರು ಹೆಂಡತಿಗೆ ಅಂತ ಕೊಂಡಿದ್ದ ಎರಡು ಮೊಳ ಮಲ್ಲಿಗೆ ಇತ್ತು. "ಇದನ್ನ ಸಾಲ ಕೊಡಿ ಸಾರ್. ಸಂಜೆ ಎರಡು ಮೊಳ ವಾಪಸ್ ಕೊಡ್ತೀನಿ" ಅಂದ. ತಗೊಂಡು ಹೋಗಿ ಟೈಪಿಸ್ಟ್ ಪುಟ್ಟಲಕ್ಷ್ಮಮ್ಮನಿಗೆ ಎಂಬತ್ತು ರೂಪಾಯಿಗೆ ಮಾರಿದ. ಸಂಜೆ ಹೂವಿನವಳ ಬುಟ್ಟಿಯಲ್ಲಿ ಉಳಿದಿದ್ದನ್ನ ಇಪ್ಪತ್ತಕ್ಕೆ ಕೊಂಡು ತಂದಿಟ್ಟ.

"ಇದೇನಯ್ಯ, ಬಾಡಿರೋದು ಕೊಡ್ತೀಯ?"

"ಎರಡು ಮೊಳ ಸರಿಯಾಗಿದೆ ಸಾರ್. ನನಗೆ ಅರವತ್ತು ಉಳೀತು. ನಮ್ಮ ಷೇರನ್ನೂ ಹೀಗೇ ಸಾಲ ತಗೊಂಡು ಮಾರಿದ್ದಾರೆ, ನೂರಕ್ಕೆ ಮೂವತ್ತು. ಅದನ್ನೇ ಶಾರ್ಟ್ ಇಂಟರೆಸ್ಟ್ ಅನ್ನೋದು. ರೇಟು ಬಿದ್ದ ಮೇಲೆ ಕೊಂಡು ವಾಪಸ್ ಕೊಡ್ತಾರೆ."

ಯಜಮಾನರು ಬಾಡಿದ ಹೂವನ್ನ ಕೈಗೆತ್ತಿಕೊಂಡರು. ಆಮೇಲೆ ಮೆತ್ತಗೆ ಅಂದರು, "ಬ್ಯಾನರ್ ಬೇಡ ಬಿಡು. ಜನಕ್ಕೆ ನನ್ನ ಮೇಲೆ ನಂಬಿಕೆ ಇದೆ ಅಂದ್ಕೊಂಡಿದ್ದೆ."

"ನಂಬಿಕೆ ಇದೆ ಸಾರ್. ಬಾಡೇ ಬಾಡ್ತೀರಿ ಅಂತ."