ಎಣ್ಣೆ ಕೈಲಿ ಬಿಚ್ಚಿದ ಓಲೆ ಕಟ್ಟು

ಒಂದಾನೊಂದು ಕಾಲದಲ್ಲಿ, ಎಷ್ಟು ಹಳೇ ಕಾಲ ಅಂದ್ರೆ ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಂದಿರ್ಲಿಲ್ಲ ನೋಡು ಪುಟ್ಟಿ, ಆವಾಗ ಒಂದೂರಲ್ಲಿ ಗಂಗಣ್ಣ ಅಂತ ಒಬ್ಬ ಗಾಣದೋನು ಇದ್ನಂತೆ. ಅವನ ಹೆಂಡ್ತಿ ಹೊನ್ನಮ್ಮ, ಅವ್ರಿಗೆ ಮೂರು ಮಕ್ಳು, ದೊಡ್ಡೋನು ದ್ಯಾವಣ್ಣ, ನಡುವಿನೋನು ಚನ್ನಿಗ, ಕಡೇದು ಕೆಂಪಿ, ನಿನ್ನಷ್ಟೇ ಉದ್ದ, ನಿನ್ನ ಥರಾನೇ ಬಾಯಿಗೆ ಬೀಗ ಇಲ್ದೋಳು. ತಡಿ ತಡಿ, ಎತ್ತು ಹೇಳೋದೇ ಮರ್ತೆ! ಬೋಳ ಅಂತ ಒಂದು ಕೊಂಬಿಲ್ಲದ ಎತ್ತು ಇತ್ತಂತೆ. ಬೋಳನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣಕ್ಕೆ ಹೂಡಿದ್ರೆ ಗಿರಕ್ ಗಿರಕ್ ಅಂತ ಸಂಜೆವರ್ಗೂ ಸುತ್ತೋದು, ಗಾಣಕ್ಕೆ ಕಟ್ಟಿದ ಹಲಗೆ ಮೇಲೆ ಕೂತ್ಕೊಂಡು ಗಂಗಣ್ಣನೂ ಸುತ್ತೋನು, ಎಳ್ಳು ಅರೆದು ಅರೆದು ಎಣ್ಣೆ ಇಳಿಯೋದು.

ಆ ಮನೆ ದೇವರ ಗೂಡಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಓಲೆಗರಿ ಕಟ್ಟು ಇತ್ತಂತೆ. ಗಂಗಣ್ಣನ ತಾತ ತಾಳೆಗರಿ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಕೊರೆದು ಬರೆದಿದ್ದ ಕತೆ ಅದು. ಗಂಗಣ್ಣಂಗೆ ಓದಕ್ಕೂ ಬರ್ತಿತ್ತು. ಬಂದು ಏನ್ ಪ್ರಯೋಜನ, ಓದೋ ಹಾಗೇ ಇಲ್ಲ! ಯಾಕೆ ಹೇಳು? ದಿನಾ ಕೈಯೆಲ್ಲಾ ಎಣ್ಣೆ, ಜಿಡ್ಡು ಕೈಲಿ ಸರಸ್ವತೀನ ಮುಟ್ಟಬಾರ್ದು ಅಂತ ಅವರ ಮನೆ ಕಟ್ಟಳೆ. ವರ್ಷಕ್ಕೊಂದೇ ದಿನ, ನವರಾತ್ರೀಲಿ ಸರಸ್ವತಿ ಪೂಜೆ ದಿನ, ಗಾಣಕ್ಕೆ ವಾರ ಮುಂಚೆಯೇ ರಜ ಕೊಟ್ಟು, ಉಜ್ಜಿ ಉಜ್ಜಿ ಎಲ್ಲರ ಕೈಯೂ ಮಡಿ. ಆದ್ರೆ ಪೂಜೆಗಿಟ್ಟ ಪುಸ್ತಕಾನ ಆವತ್ತು ಓದಬಾರ್ದಲ್ಲ! ಕುಂಕುಮ ಹಚ್ಚು, ಧೂಪ ಹಾಕು, ಕೈ ಮುಗಿ, ವಾಪಸ್ ಗೂಡಿಗಿಡು. ಮಾರನೇ ದಿನ ಮತ್ತೆ ಗಾಣ, ಮತ್ತೆ ಎಣ್ಣೆ. ಹಿಂಗೇ ವರ್ಷಗಟ್ಲೆ ನಡೀತಂತೆ.

ಕೆಂಪಿಗೆ ಮಾತ್ರ ಒಳಗೇನಿದೆ ಒಳಗೇನಿದೆ ಅಂತ ತಲೇಲಿ ಇರುವೆ ಬಿಟ್ಟ ಹಾಗೆ. ಅಪ್ಪನ್ನ ಕೇಳಿದ್ರೆ, ಒಬ್ಳು ಹುಡುಗಿ ಬಿದ್ದ ಗೆಜ್ಜೆ ಹುಡುಕ್ಕೊಂಡು ಕತ್ತಲೆ ಬಾವಿಗೆ ಇಳಿದ್ಲು ಕಣವ್ವಾ, ಆಮೇಲಿಂದು ಮರ್ತೋಗಿದೆ, ಈ ಕಟ್ಟಳೆ ಬರೋಕ್ಕೆ ಮುಂಚೆ ನಮ್ಮಪ್ಪ ಓದಿದ್ದು ಯಾವ್ ಕಾಲಕ್ಕೋ ಅಂದ್ನಂತೆ. ಅಷ್ಟೇ ಸಾಕು! ಕೆಂಪಿಗೆ ಊಟ ಸೇರಲ್ಲ, ಆಟ ಸೇರಲ್ಲ. ಆ ಹುಡುಗಿ ಮೇಲೆ ಬಂದ್ಲಾ ಇಲ್ವಾ? ಬಾವಿ ಒಳಗೇ ಇದ್ದಾಳಾ? ಯಾರಾದ್ರೂ ಕೂಗಿದ್ರಾ?

ಹಿಂಗಿರುವಾಗ ಒಂದಿನ ಮಧ್ಯಾಹ್ನ ನೋಡ್ತಾಳೆ, ದೇವರ ಗೂಡಿಂದ ಕರ್‍ರಗೆ ಒಂದು ಸಾಲು ಇಳೀತಿದೆ. ಇರುವೆ ಅಂದ್ಕೊಂಡ್ಲಂತೆ. ಬಗ್ಗಿ ನೋಡಿದ್ರೆ ಇರುವೆ ಅಲ್ಲ ಪುಟ್ಟಿ, ಅಕ್ಷರ! ಕೊಂಬು ಎತ್ಕೊಂಡು, ಒತ್ತು ಬೆನ್ನಿಗೆ ಹೊತ್ಕೊಂಡು, ಮೂಟೆ ಕಟ್ಟಿ ಗುಳೆ ಹೊರಟೋರ ಹಾಗೆ ಹೊಸ್ತಿಲು ದಾಟಿ ಹೋಗ್ತಾ ಇದ್ವಂತೆ!

ಕೆಂಪಿ ಕಿರುಚಿದ್ಲು, ಅಣ್ಣಂದಿರು ಓಡಿ ಬಂದ್ರು. ದ್ಯಾವಣ್ಣ, ಸರಿಯಾಗಿ ಕಟ್ಟಿಲ್ಲ ಅದಕ್ಕೇ ಹೋಗ್ತಿವೆ ಅಂತ ಗಾಣದ ಹಗ್ಗ ತಂದು ಏಳು ಸುತ್ತು ಬಿಗಿದ್ನಂತೆ. ಅಕ್ಷರಗಳು ಗಂಟಿನ ಸಂದೀಲೇ ನುಸುಳಿದ್ವು. ಚನ್ನಿಗ, ನೀನು ದಡ್ಡ ಕಣೋ, ಹೊಟ್ಟೆಗೆ ಹಾಕಿದ್ರೆ ತಾವೇ ನಿಲ್ತಾವೆ ಅಂತ ಸುತ್ತಲೂ ಬೆಲ್ಲ ಉದುರಿಸಿದ್ನಂತೆ. ಅಕ್ಷರ ತಿರುಗಿಯೂ ನೋಡ್ಲಿಲ್ಲ, ನಿಜವಾದ ಇರುವೆ ಬಂದು ಚನ್ನಿಗನ ಕಾಲು ಕಚ್ಚಿ ಕಚ್ಚಿ ಕುಣಿಸಿದ್ವು. ಆಮೇಲೆ ಕೆಂಪಿ ಏನ್ ಮಾಡಿದ್ಲು? ಹಿಡೀಲೂ ಇಲ್ಲ, ಕಟ್ಟಲೂ ಇಲ್ಲ. ನೆಲದ ಮೇಲೆ ಬೋರಲು ಮಲ್ಕೊಂಡು, ಕಟ್ಟಕಡೇಲಿ ಬಾಲ ಎಳ್ಕೊಂಡು ಕುಂಟ್ತಿದ್ದ ಒಂದು ಮುದಿ ಅಕ್ಷರಾನ ಮೆತ್ತಗೆ ಕೇಳಿದ್ಲಂತೆ, ತಾತಾ ತಾತಾ, ಎಲ್ಲಿಗೆ ಹೊರಟ್ರಿ?

ಏನ್ ಮಾಡೋದವ್ವಾ, ಅಂತಂತೆ ಅದು. ಕುಂಕುಮ ಹಾಕ್ತಾರೆ, ಸೀನು ಬರುತ್ತೆ. ಧೂಪ ಹಾಕ್ತಾರೆ, ಕಣ್ಣುರಿಯುತ್ತೆ. ಒಬ್ರಾದ್ರೂ ಬಾಯ್ತುಂಬ ಕೂಗಿದ್ದುಂಟಾ? ಅಪ್ಪನ ಬಾಯಿಂದಾನೋ ಅಮ್ಮನ ಬಾಯಿಂದಾನೋ ಹೊರಟು ಮಗು ಕಿವಿಗಿಳಿಯೋ ದನಿ ಇದೆಯಲ್ಲ, ಅದೇ ನಮಗೆ ಊಟ. ಇಲ್ಲಿ ಉಪವಾಸ ಸಾಕಾಯ್ತು. ಹೊತ್ತು ಮುಳುಗೋದ್ರೊಳಗೆ ಊರ ಗಡಿ ದಾಟ್ತೀವಿ, ದಾಟಿದ ಮೇಲೆ ತಿರುಗಿ ಬರಲ್ಲ.

ಅಯ್ಯಯ್ಯೋ! ಹಂಗಾದ್ರೆ ಬಾವೀಲಿರೋ ಹುಡುಗಿ ಬಾವೀಲೇ ಉಳಿದುಬಿಡ್ತಾಳಲ್ಲ! ಕೆಂಪಿ ಕಟ್ಟು ಎತ್ಕೊಂಡು ಗಾಣಕ್ಕೆ ಓಡಿದ್ಲು. ಅಪ್ಪಾ ಓದಪ್ಪಾ, ಈಗಲೇ ಓದು ಅಂದ್ರೆ ಗಂಗಣ್ಣ ಎಣ್ಣೆ ಸುರಿಯೋ ಕೈ ತೋರಿಸಿದ್ನಂತೆ. ಹಂಗಾದ್ರೆ ತೊಳಿ ಅಂದ್ಲು. ಬೋಳ ಸುತ್ತುತಾನೇ ಇತ್ತು, ಗಂಗಣ್ಣ ಇಳಿದು ಸೀಗೇಪುಡೀಲಿ ತೊಳೆದ, ಜಿಡ್ಡು ಹೋಗ್ಲಿಲ್ಲ. ಬೂದೀಲಿ ಉಜ್ಜಿದ, ಹೋಗ್ಲಿಲ್ಲ. ಹೊನ್ನಮ್ಮ ಕಡ್ಲೆಹಿಟ್ಟು ತಂದ್ಲು, ಉಜ್ಜಿ ಉಜ್ಜಿ ಅಂಗೈ ಕೆಂಪಾಯ್ತು, ಹೋಗ್ಲಿಲ್ಲ. ಹುಟ್ಟಿದಾಗಿಂದ ಕೈ ಕುಡಿದ ಎಣ್ಣೆ, ಒಂದಿನಕ್ಕೆ ಹೋಗುತ್ತಾ? ಅತ್ತ ಹೊತ್ತು ಹುಣಸೇಮರದ ತುದಿಗೆ ಬಂತು. ಕೆಂಪಿಗೆ ಅಳು ಬಂತು, ಅಳುವಿನ ಜೊತೆ ಸಿಟ್ಟೂ ಬಂತು. ಅಪ್ಪಾ, ಕೈ ಜಿಡ್ಡಾದ್ರೆ ಏನು, ಬಾಯಿ ಜಿಡ್ಡಾಗಿದೆಯಾ? ಅಂದ್ಬಿಟ್ಲಂತೆ!

ಹೊನ್ನಮ್ಮಂಗೆ ಕಿಸಕ್ಕಂತ ನಗು. ಹೌದಲ್ರೀ, ಮಗು ಕೇಳೋದು ಸರಿಯಾಗೇ ಇದೆ, ಸರಸ್ವತಿ ಕೋಪ ಮಾಡ್ಕೊಂಡ್ರೆ ನಾನು ಸಮಾಧಾನ ಮಾಡ್ತೀನಿ, ಓದಿ ಅಂದ್ಲಂತೆ.

ಗಂಗಣ್ಣ ಹಲಗೆ ಮೇಲೆ ಕೂತ, ತೊಡೆ ಮೇಲೆ ಕೆಂಪಿ. ಎಣ್ಣೆ ಕೈಲೇ ಹಗ್ಗ ಬಿಚ್ಚಿದ್ರೆ ಗರಿಯೆಲ್ಲಾ ಬರೀ ಖಾಲಿ ಖಾಲಿ! ನಡುವಿನ ಒಂದು ಗರೀಲಿ ಮಾತ್ರ ಇನ್ನೂ ಹೊರಡದೇ ಉಳಿದಿದ್ದ ಒಂದೇ ಒಂದು ಸಾಲು. ಗಂಗಣ್ಣ ಗಂಟಲು ಸರಿಮಾಡ್ಕೊಂಡು ಓದಿದ, ಹುಡುಗಿ ಬಾವಿಗೆ ಇಳಿದಳು. ಮುಗೀತು, ಮುಂದೆ ಏನೂ ಇಲ್ಲ. ಕೆಂಪಿ ಕೇಳಿದ್ಲು, ಆಮೇಲೆ? ಗಂಗಣ್ಣ ಗರಿ ಮಗುಚಿ ಮಗುಚಿ ನೋಡಿದ. ಇನ್ನೂ ಜೋರಾಗಿ, ಆಮೇಲೆ? ಬೋಳನೂ ಗಕ್ಕಂತ ನಿಂತ್ಬಿಡ್ತು, ಕಿವಿ ನಿಮಿರಿಸ್ಕೊಂಡು. ಕೆಂಪಿ ಉಸಿರೆಲ್ಲಾ ಸೇರಿಸಿ ಮೂರನೇ ಸಲ ಕೂಗಿದ್ಲು, ಆಮೇಲೇ?

ಊರ ಗಡೀಲಿ ಕಾಲೆತ್ತಿದ್ದ ಅಕ್ಷರಗಳಿಗೆ ಕೇಳಿಸ್ತಂತೆ! ಯಾರೋ ಕೇಳ್ತಿದ್ದಾರೆ ಕಣ್ರೋ, ಓದೋರೂ ಸಿಕ್ಕಿದ್ದಾರೆ ಕಣ್ರೋ ಅಂತ ಬಿದ್ದೆನೋ ಎದ್ದೆನೋ ಅಂತ ವಾಪಸ್ ಓಡಿ ಬಂದ್ವು. ಗರಿ ಹತ್ತಿ ತಂತಮ್ಮ ಜಾಗದಲ್ಲಿ ಕೂತ್ವು. ಅವು ಕೂತ ಹಾಗೆ ಗಂಗಣ್ಣ ಓದಿದ, ಅವನು ತಡವರಿಸಿದ ಕಡೆ ಹೊನ್ನಮ್ಮ ಎಳ್ಳು ಕೇರೋ ಮೊರ ಕೆಳಗಿಟ್ಟು ಇಣುಕಿ ಊಹೆ ಮಾಡಿ ಹೇಳಿದ್ಲು. ಬಾವಿಯಲ್ಲಿ ಕತ್ತಲಂತೆ, ಮೆಟ್ಟಿಲು ಕಾಣಲ್ವಂತೆ, ಮೇಲಿಂದ ಹುಡುಗಿ ಅಪ್ಪ ಒಂದು, ಎರಡು, ಮೂರು ಅಂತ ಮೆಟ್ಟಿಲು ಎಣಿಸಿ ಕೂಗ್ತಾನೇ ಇದ್ನಂತೆ, ಅವಳು ಆ ದನೀನ ಹಗ್ಗದ ಹಾಗೆ ಹಿಡ್ಕೊಂಡು, ಗೆಜ್ಜೆ ಮುಷ್ಟೀಲಿ ಇಟ್ಕೊಂಡು, ಹತ್ತಿ ಹತ್ತಿ ಬಂದೇಬಿಟ್ಲಂತೆ! ಬಂದ್ಲು ಅಪ್ಪಾ, ಬಂದ್ಲು! ಅಂತ ಕೆಂಪಿ ಅಪ್ಪನ ಕುತ್ತಿಗೆ ತಬ್ಬಿದ್ಲು. ಗಂಗಣ್ಣ ಕಣ್ಣೊರೆಸ್ಕೊಂಡ. ಅವನ ಅಪ್ಪನ ದನಿ ಅವನಿಗೆ ಆವತ್ತೇ ನೆನಪಾಗಿದ್ದಂತೆ.

ಬೆಳಗ್ಗೆ ಎದ್ದು ನೋಡಿದ್ರೆ ಪ್ರತಿ ಗರಿ ಮೇಲೂ ಎಣ್ಣೆ ಹೆಬ್ಬೆರಳ ಗುರುತು. ಹೊನ್ನಮ್ಮ ಎದೆ ಹಿಡ್ಕೊಂಡ್ಲು. ಆದ್ರೆ ವಿಚಿತ್ರ ನೋಡು, ಎಣ್ಣೆ ತಾಗಿದ ಅಕ್ಷರ ಒಂದೊಂದೂ ಕರ್‍ರಗೆ ಮಿಂಚ್ತಾ ಗರಿಗೆ ಅಂಟ್ಕೊಂಡು ಕೂತಿದ್ವಂತೆ, ಎಬ್ಬಿಸಿದ್ರೂ ಏಳವು! ಯಾವ ಎಣ್ಣೆಗೆ ಹೆದರಿ ಮುಟ್ಟದೇ ಬಿಟ್ಟಿದ್ರೋ ಅದೇ ಎಣ್ಣೆ ಅವನ್ನ ಮನೇಲಿ ಉಳಿಸ್ತು.

ಮುಂದಿನ ನವರಾತ್ರೀಲಿ ಹೊನ್ನಮ್ಮ ಪೂಜೆಗೆ ಅಂತ ಗೂಡೆಲ್ಲಾ ತಡಕಿದ್ರೆ ಕಟ್ಟೇ ಇಲ್ಲ. ಎಲ್ಲಿತ್ತು ಹೇಳು? ನಿಂತ ಗಾಣದ ಹಲಗೆ ಮೇಲೆ! ಗಂಗಣ್ಣ ಓದ್ತಿದ್ನಂತೆ, ಮೂರೂ ಮಕ್ಳು ಅಕ್ಕಪಕ್ಕ. ಹೊನ್ನಮ್ಮ ಕುಂಕುಮದ ಬಟ್ಟಲು ಹಿಡ್ಕೊಂಡು ಬಂದೋಳು ಅಲ್ಲೇ ಕೂತ್ಬಿಟ್ಲು. ಬೋಳನಿಗೋ ಚಟಾನೇ ಹತ್ತಿತ್ತು. ಗಾಣಕ್ಕೆ ಹೂಡಿದ ದಿನ ಓದು ನಿಲ್ಲಿಸಿದ್ರೆ ಕಾಲು ನಿಲ್ಲಿಸೋದು, ಕೆಂಪಿ ಆಮೇಲೆ ಅಂದ್ರೇನೇ ಹೆಜ್ಜೆ ಇಡೋದು. ಎಲ್ಲಾ ಸುಖವಾಗಿದ್ರಂತೆ.

ಗಾಣ ನಿಂತಿತು, ಎಣ್ಣೆ ಇಳೀತು, ಕತೆ ಮುಗೀತು. ಏನಂದೆ? ಆಮೇಲಾ? ಅಯ್ಯೋ ನನ್ ಪುಟ್ಟೀ, ಕಣ್ಮುಚ್ಚು. ನಿನ್ನ ಆಮೇಲೆ ಕೇಳಿ ಯಾವ ಅಕ್ಷರ ಎಲ್ಲಿಂದ ಓಡಿ ಬರ್ತಿದೆಯೋ!